ತುಂಡಾದ ಬೆರಳು, ಕಾಲಿನ ಎಲುಬಿನ ದವಡೆ: ಮೈಕ್ರೋಸರ್ಜರಿ ಬಗ್ಗೆ ನಿಮ್ಮ ಪ್ರಶ್ನೆ, ಸಿಸ್ಟರ್ ಉತ್ತರ

ಹಳಬರಿಗೆ ನನ್ನ ಪರಿಚಯ ಇದೆ. ಹೊಸಬರಿಗೆ ಹೇಳುವುದಾದರೆ, ನಾನು ಡಾಕ್ಟರ್ ಅಲ್ಲ. ಮಂಗಳೂರಿನ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ಸ್ಟಾಫ್ ನರ್ಸ್ ಆಗಿದ್ದು ನಿವೃತ್ತಳಾದವಳು. ಪ್ಲಾಸ್ಟಿಕ್ ಸರ್ಜನ್ನರ ಪಕ್ಕ ನಿಂತು ಸೂಜಿ ನೂಲು ಕೊಟ್ಟದ್ದೇ ಜಾಸ್ತಿ. ಈಗ ಕಟಪಾಡಿಯಲ್ಲಿದ್ದೇನೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮೈಕ್ರೋಸರ್ಜರಿ, ಅಂದರೆ ಮೈಕ್ರೋಸ್ಕೋಪಿನಲ್ಲಿ ನೋಡಿಕೊಂಡು ಮಾಡುವ ಆಪರೇಷನ್ ಬಗ್ಗೆಯೇ ಇವೆ. ಹಾಗಾಗಿ ಶುಗರ್, ಮಂಡಿನೋವು ಎಲ್ಲ ಮುಂದಿನ ಸಂಚಿಕೆಗೆ.

ನನ್ನ ಅಕ್ಕನ ಮಗ ಬೋಟಿನಲ್ಲಿ ಕೆಲಸಕ್ಕೆ ಹೋಗುತ್ತಾನೆ. ಬಲೆ ಎಳೆಯುವಾಗ ವಿಂಚಿನ ಹಗ್ಗಕ್ಕೆ ಸಿಕ್ಕಿ ಉಂಗುರದ ಬೆರಳು ಕಿತ್ತು ಬಂತು. ಜೊತೆಯವರು ತುಂಡನ್ನು ಮೀನಿನ ಐಸಿಗೆ ಹಾಕಿ ದಡಕ್ಕೆ ತಂದರು. ಆಸ್ಪತ್ರೆಯಲ್ಲಿ ಜೋಡಿಸಲು ಆಗುವುದಿಲ್ಲ ಎಂದು ಗಾಯ ಹೊಲಿದು ಕಳುಹಿಸಿದರು. ಐಸಿಗೆ ಹಾಕಿದ್ದೇ ತಪ್ಪಾಯಿತಾ? (ಓದುಗರು, ಮಲ್ಪೆ)

ಜೊತೆಯವರನ್ನು ಬೈಯಬೇಡಿ. ಐಸಿನಿಂದ ತೊಂದರೆ ಆಗಿರಬಹುದು, ಆದರೆ ನೀವು ಬರೆದದ್ದು ನೋಡಿದರೆ ದೊಡ್ಡ ಕಾರಣ ಆ ಹಗ್ಗವೇ ಇರಬೇಕು. ಕತ್ತಿಗೆ ತುಂಡಾದ ಬೆರಳಿನಲ್ಲಿ ರಕ್ತನಾಳದ ತುದಿ ನೀಟಾಗಿ ಸಿಗುತ್ತದೆ. ಹಗ್ಗ ಎಳೆದು ಕಿತ್ತರೆ ಹಾಗಲ್ಲ. ನಾಳ ಉದ್ದಕ್ಕೂ ಜಗ್ಗಿ, ಅದರ ಒಳಪದರ ಅಲ್ಲಲ್ಲಿ ಹರಿದಿರುತ್ತದೆ. ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಹೊಲಿದು ರಕ್ತ ಬಿಟ್ಟ ಸ್ವಲ್ಪ ಹೊತ್ತಿನಲ್ಲಿ ಆ ಹರಿದ ಜಾಗದಲ್ಲೇ ಹೆಪ್ಪುಗಟ್ಟುತ್ತದೆ.

ಆ ನಾಳ ಎಷ್ಟು ದಪ್ಪ ಅಂದುಕೊಂಡಿದ್ದೀರಿ? ಬೆರಳಿನ ಬುಡದಲ್ಲಿ ಸುಮಾರು 1 ಮಿಲಿಮೀಟರ್. ಅದನ್ನು ಹೊಲಿಯುವ ನೈಲಾನ್ ನೂಲು ತಲೆಕೂದಲಿನ ಅರ್ಧದಷ್ಟೂ ದಪ್ಪ ಇಲ್ಲ. ಟೇಬಲ್ಲಿನ ಮೇಲೆ ಬಿದ್ದರೆ ಹುಡುಕುವುದೇ ಒಂದು ಕೆಲಸ. ಲೈಟಿಗೆ ಮಿಂಚಿದರೆ ಕಂಡಿತು, ಇಲ್ಲದಿದ್ದರೆ ಇಲ್ಲ. ಫ್ಯಾನ್ ಇಟ್ಟರಂತೂ ಕೇಳಲೇಬೇಡಿ. ಅದಕ್ಕೇ ನಾವು ನಾಳದ ಅಡಿಯಲ್ಲಿ ನೀಲಿಯೋ ಹಸಿರೋ ಬಣ್ಣದ ಸಣ್ಣ ಹಾಳೆಯ ತುಂಡು ಇಡುತ್ತಿದ್ದೆವು, ಆಗ ನೂಲು ಎದ್ದು ಕಾಣುತ್ತದೆ. ಇಂಥ ಒಂದು ನಾಳಕ್ಕೆ ಸುತ್ತಲೂ ಆರೆಂಟು ಹೊಲಿಗೆ. ಒಂದು ಹೊಲಿಗೆಯಲ್ಲಿ ಹಿಂದಿನ ಗೋಡೆಯೂ ಸೇರಿಕೊಂಡುಬಿಟ್ಟರೆ ನಾಳ ಬಂದ್. ಬಿಚ್ಚಿ ಮತ್ತೆ ಮೊದಲಿನಿಂದ.

ಹೆಚ್ಚಿನವರು ರಕ್ತ ಒಳಗೆ ಹೋಗುವುದನ್ನೇ ಯೋಚಿಸುತ್ತಾರೆ. ಹೊರಗೆ ಬರುವುದು ಇನ್ನೂ ಕಷ್ಟ. ರಕ್ತ ತರುವ ಅಪಧಮನಿಗೆ ಗೋಡೆ ಗಟ್ಟಿ ಇರುತ್ತದೆ, ವಾಪಸ್ ಒಯ್ಯುವ ಅಭಿಧಮನಿ ತೆಳು, ಕುಸಿದುಕೊಂಡು ಕೂತಿರುತ್ತದೆ. ಜೋಡಿಸಿದ ಬೆರಳು ಬಿಳಿಚಿಕೊಂಡರೆ ರಕ್ತ ಬರುತ್ತಿಲ್ಲ ಎಂದು ಅರ್ಥ. ಊದಿ ನೇರಳೆ ಬಣ್ಣಕ್ಕೆ ತಿರುಗಿದರೆ ಬಂದ ರಕ್ತ ವಾಪಸ್ ಹೋಗುತ್ತಿಲ್ಲ. ಎರಡನೆಯದಕ್ಕೆ ಕೆಲವೊಮ್ಮೆ ಜಿಗಣೆ ಹಚ್ಚುವುದೂ ಉಂಟು, ತಮಾಷೆ ಅಲ್ಲ. ಅದರ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹಿರುಡಿನ್ ಎಂಬ ವಸ್ತು ಇದೆ. ಆದರೆ ಅದು ಆಸ್ಪತ್ರೆಗೆಂದೇ ಸಾಕಿದ ಜಿಗಣೆ. ಚಾರ್ಮಾಡಿಯಿಂದ ಇಂಬಳ ಹಿಡಿದು ತರುತ್ತೇನೆ ಎಂದು ಹೊರಟವರನ್ನು ನಾನೇ ತಡೆದದ್ದಿದೆ.

ಈಗ ಐಸ್. ನಮ್ಮ ಕಡೆ ಐಸಿಗೆ ಬರ ಇಲ್ಲ, ಅದೇ ತೊಂದರೆ. ಬೆರಳನ್ನು ಬಂಗುಡೆ ಹಾಗೆ ಐಸಿನಲ್ಲಿ ಹೂಳುತ್ತಾರೆ. ನೇರ ಐಸ್ ತಾಗಿದರೆ ಮಾಂಸ ಹೆಪ್ಪುಗಟ್ಟಿ ಸಾಯುತ್ತದೆ. ತುಂಡನ್ನು ಶುದ್ಧ ನೀರಿನಲ್ಲೋ ಸಲೈನಿನಲ್ಲೋ ಒಮ್ಮೆ ತೊಳೆಯಿರಿ, ಉಜ್ಜಬೇಡಿ. ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ. ನೀರು ಹೋಗದಂಥ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಆ ಚೀಲವನ್ನು ಐಸ್ ಬೆರೆಸಿದ ನೀರಿನಲ್ಲಿ ಇಡಿ. ಹೀಗೆ ಇಟ್ಟರೆ ಬೆರಳು 12 ಗಂಟೆ, ಕೆಲವೊಮ್ಮೆ ಅದಕ್ಕಿಂತಲೂ ಜಾಸ್ತಿ ತಡೆಯುತ್ತದೆ. ಬೆರಳಿನಲ್ಲಿ ಸ್ನಾಯು ಇಲ್ಲ, ಅದಕ್ಕೇ ಅಷ್ಟು ಹೊತ್ತು. ಮುಂಗೈ, ತೋಳು ತುಂಡಾದರೆ ಅಲ್ಲಿ ಸ್ನಾಯು ಇದೆ. ತಣ್ಣಗಿಡದಿದ್ದರೆ 6 ಗಂಟೆ ದಾಟುವ ಹಾಗಿಲ್ಲ.

ಕೈಯ ಗಾಯಕ್ಕೆ ಬಟ್ಟೆ ಒತ್ತಿ ಹಿಡಿದು ಕೈ ಮೇಲೆತ್ತಿ, ಅಷ್ಟು ಸಾಕು. ಕಾಫಿ ಪುಡಿ, ಅರಿಶಿನ ದಯವಿಟ್ಟು ಬೇಡ. ಚರ್ಮದ ಎಳೆಯಲ್ಲಿ ನೇತಾಡುತ್ತಿದ್ದರೆ ಕತ್ತರಿಸಬೇಡಿ, ಆ ಎಳೆಯಲ್ಲೇ ಒಂದು ನಾಳ ಉಳಿದಿರಬಹುದು. ಸುಸ್ತಾಗಿದ್ದಾನೆ ಎಂದು ಚಾ, ಗಂಜಿ ಕುಡಿಸಬೇಡಿ. ಹೊಟ್ಟೆ ತುಂಬಿದ್ದರೆ ಅರಿವಳಿಕೆ ಕೊಡಲು ಕಾಯಬೇಕಾಗುತ್ತದೆ. 108ಕ್ಕೆ ಫೋನ್ ಮಾಡುವಾಗಲೇ ಬೆರಳು ತುಂಡಾಗಿದೆ ಎಂದು ಹೇಳಿ, ಹೋಗುವ ಆಸ್ಪತ್ರೆಯಲ್ಲಿ ಈ ಕೆಲಸ ಮಾಡುವವರು ಇದ್ದಾರಾ ಎಂದು ಮೊದಲೇ ಕೇಳಿ. ಎರಡು ಕಡೆ ಅಲೆದರೆ ಹೊತ್ತು ಅಲ್ಲೇ ಹೋಗುತ್ತದೆ.

ಇನ್ನೊಂದು ಮಾತು. ಜೋಡಿಸಲು ಆಗುವುದಿಲ್ಲ ಎಂದವರೆಲ್ಲ ಕೈಲಾಗದವರಲ್ಲ. ಹೆಬ್ಬೆರಳು ಹೋದರೆ, ಹಲವು ಬೆರಳು ಹೋದರೆ, ಮಕ್ಕಳದ್ದಾದರೆ ಡಾಕ್ಟರು ಹೇಗಾದರೂ ಪ್ರಯತ್ನಿಸುತ್ತಾರೆ. ಜಪಾನಿನ ನಾರಾದಲ್ಲಿ 1965ರಲ್ಲಿ ಪೂರ್ತಿ ತುಂಡಾದ ಬೆರಳನ್ನು ಮೊದಲ ಸಲ ಮೈಕ್ರೋಸ್ಕೋಪಿನಡಿ ಜೋಡಿಸಿದರಲ್ಲ, ಅದೂ ಹೆಬ್ಬೆರಳೇ. ಹೆಬ್ಬೆರಳು ಉಳಿಯದಿದ್ದರೆ ಕಾಲಿನ ಬೆರಳನ್ನೇ ತಂದು ಕೂರಿಸುವುದೂ ಇದೆ. ಉಂಗುರದ ಬೆರಳೊಂದೇ ಹೋದಾಗ ಲೆಕ್ಕ ಬೇರೆ. ಕಿತ್ತು ಬಂದದ್ದನ್ನು ಕಷ್ಟಪಟ್ಟು ಕೂರಿಸಿದರೆ ಅದು ಮಡಚದೆ ಸೆಟೆದು ನಿಂತು, ಪಕ್ಕದ ಬೆರಳಿಗೂ ಅಡ್ಡ ಬರುತ್ತದೆ. ಹಗ್ಗ ಹಿಡಿಯುವ ಕೈಗೆ ಅದು ಉಪಕಾರವಲ್ಲ. ನಿಮ್ಮ ಹುಡುಗನಿಗೆ ಮೂರು ಬೆರಳು, ಹೆಬ್ಬೆರಳು ಸರಿ ಇವೆ. ಫಿಸಿಯೋಥೆರಪಿ ಬಿಡಬೇಡಿ ಎಂದು ಹೇಳಿ, ಹಿಡಿತ ಬರುತ್ತದೆ.

ಮೈಕ್ರೋಸರ್ಜರಿ ಅಂದರೆ ಲೇಸರ್, ಕೀಹೋಲ್ ತರಹದ್ದೇ ಅಲ್ವಾ? (ಕುಂದಾಪುರ)

ಅಲ್ಲ. ಕೀಹೋಲಿನಲ್ಲಿ ಸಣ್ಣ ತೂತು ಮಾಡಿ ಕ್ಯಾಮೆರಾ ಒಳಗೆ ಬಿಡುತ್ತಾರೆ. ಇಲ್ಲಿ ಗಾಯ ಎಷ್ಟು ದೊಡ್ಡದಾದರೂ ಇರಬಹುದು, ನೋಡುವುದು ಮಾತ್ರ ದೊಡ್ಡದು ಮಾಡಿ ತೋರಿಸುವ ಮೈಕ್ರೋಸ್ಕೋಪಿನಲ್ಲಿ. 1921ರಲ್ಲಿ ಸ್ವೀಡನ್ನಿನ ನೈಲೆನ್ ಎಂಬ ಕಿವಿ ಡಾಕ್ಟರ್ ಶುರು ಮಾಡಿದ್ದು. ನಿಮ್ಮ ಮನೆಯಲ್ಲೇ ಯಾರಿಗಾದರೂ ಕಣ್ಣಿನ ಪೊರೆ ತೆಗೆಸಿದ್ದರೆ ಅದೂ ಮೈಕ್ರೋಸ್ಕೋಪಿನ ಕೆಳಗೇ ಆದದ್ದು. ಕಿವಿಯ ತಮಟೆ, ಬೆನ್ನಿನ ಡಿಸ್ಕ್, ಮೆದುಳಿನ ನಾಳದ ಗುಳ್ಳೆಗೆ ಕ್ಲಿಪ್ ಹಾಕುವುದು, ಗಂಡಸರ ವೆರಿಕೋಸೀಲ್ (ವೃಷಣದ ಮೇಲಿನ ಅಭಿಧಮನಿ ಊದಿಕೊಳ್ಳುವುದು), ಸಂತಾನಹರಣ ಆಪರೇಷನ್ ಬಿಚ್ಚಿ ಮತ್ತೆ ಜೋಡಿಸುವುದು, ಎಲ್ಲ ಕಡೆ ಇದು ಬಂದಿದೆ. ಈಗ ಹಲ್ಲಿನ ಡಾಕ್ಟರೂ ಬೇರಿನ ಕೆಲಸಕ್ಕೆ ಮೈಕ್ರೋಸ್ಕೋಪ್ ಇಟ್ಟುಕೊಂಡಿದ್ದಾರೆ.

ಅಪ್ಪನಿಗೆ ಕೆಳದವಡೆಯಲ್ಲಿ ಕ್ಯಾನ್ಸರ್. ದವಡೆಯ ಎಲುಬು ತೆಗೆದು ಅಲ್ಲಿಗೆ ಕಾಲಿನ ಎಲುಬು ಹಾಕುತ್ತಾರಂತೆ. ಬಾಯಿಯೂ ಹೋಯಿತು, ಕಾಲೂ ಹೋಯಿತು ಎಂದು ಅಪ್ಪ ಒಪ್ಪುತ್ತಿಲ್ಲ. (ಬಂಟ್ವಾಳ)

ಕಾಲು ಹೋಗುವುದಿಲ್ಲ. ಮೊಣಕಾಲಿನ ಕೆಳಗೆ ಎರಡು ಎಲುಬು ಇವೆ. ಭಾರ ಹೊರುವುದು ಮುಂದಿನ ದಪ್ಪದ್ದು. ತೆಗೆಯುವುದು ಹೊರಬದಿಯ ತೆಳ್ಳಗಿನದ್ದು, ಅದನ್ನೂ ಪೂರ್ತಿ ಅಲ್ಲ. ಮೊಣಕಾಲಿನ ಹತ್ತಿರ ಸ್ವಲ್ಪ, ಪಾದದ ಗಂಟಿನ ಹತ್ತಿರ ಸ್ವಲ್ಪ ಬಿಟ್ಟು ನಡುವಿನದ್ದು ಮಾತ್ರ. ಕೆಲವು ದಿನಗಳಲ್ಲೇ ಹಿಡಿದುಕೊಂಡು ನಡೆಸುತ್ತಾರೆ. ಗುಡ್ಡ ಹತ್ತುವಾಗ ಸ್ವಲ್ಪ ಸಮಯ ಜೋಮು, ನೋವು ಇರಬಹುದು.

ಎಲುಬನ್ನು ಅದರದೇ ರಕ್ತನಾಳದ ಸಮೇತ ತರುತ್ತಾರೆ, ಬೇಕಾದರೆ ಮೇಲಿನ ಚರ್ಮವೂ ಬರುತ್ತದೆ. ದವಡೆಯ ಆಕಾರಕ್ಕೆ ತುಂಡು ಮಾಡಿ, ಬಗ್ಗಿಸಿ, ಪ್ಲೇಟ್ ಹಾಕಿ ಕೂರಿಸಿ, ನಾಳವನ್ನು ಕುತ್ತಿಗೆಯ ನಾಳಕ್ಕೆ ಮೈಕ್ರೋಸ್ಕೋಪಿನಡಿ ಜೋಡಿಸುತ್ತಾರೆ. ಎಲುಬು ಜೀವಂತ ಇರುವುದರಿಂದ ಆಮೇಲೆ ರೇಡಿಯೇಷನ್ ಕೊಟ್ಟರೂ ತಡೆದುಕೊಳ್ಳುತ್ತದೆ. ಮುಂದೆ ಹಲ್ಲು ಕೂರಿಸಲೂ ಆಗಬಹುದು. ಒಂದು ತಂಡ ಬಾಯಿಯಲ್ಲಿ, ಇನ್ನೊಂದು ಕಾಲಿನಲ್ಲಿ, ಬೆಳಿಗ್ಗೆ ಶುರುವಾದದ್ದು ರಾತ್ರಿ ಮುಗಿಯುವುದು ಸಾಮಾನ್ಯ. ಹೊರಗೆ ಕೂತ ನೀವು ಅದಕ್ಕೆ ಹೆದರಬೇಡಿ. ಅನುಭವ ಇರುವ ತಂಡದಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಫ್ಲಾಪ್, ಅಂದರೆ ಹೀಗೆ ನಾಳದ ಸಮೇತ ತಂದು ಕೂರಿಸಿದ ಭಾಗ, ಉಳಿಯುತ್ತದೆ. ಮೊದಲ ಮೂರು ದಿನ ಮಾತ್ರ ಸೂಕ್ಷ್ಮ. ಸಿಸ್ಟರುಗಳು ಗಂಟೆಗೊಮ್ಮೆ ಬಂದು ಬಣ್ಣ ನೋಡುತ್ತಾರೆ, ಡಾಪ್ಲರ್ ಎಂಬ ಸಣ್ಣ ಯಂತ್ರ ಇಟ್ಟು ನಾಳದಲ್ಲಿ ರಕ್ತ ಹರಿಯುವ ಸದ್ದು ಕೇಳುತ್ತಾರೆ. ನಿದ್ದೆ ಹಾಳಾಯಿತು ಎಂದು ಜಗಳ ಮಾಡುವ ಮನೆಯವರಿದ್ದಾರೆ. ಮಾಡಬೇಡಿ. ಹೆಪ್ಪುಗಟ್ಟಿದ್ದು ಬೇಗ ಗೊತ್ತಾದರೆ ಮತ್ತೆ ಥಿಯೇಟರಿಗೆ ಒಯ್ದು ಉಳಿಸಬಹುದು.

ಆಪರೇಷನ್ನಿಗೆ ಮೊದಲು ಕಾಲಿನ ನಾಳಗಳ ಸ್ಕ್ಯಾನ್ ಆಗಿದೆಯಾ ಎಂದು ಕೇಳಿ. ಕೆಲವರ ಪಾದಕ್ಕೆ ಮುಖ್ಯ ರಕ್ತ ಬರುವುದೇ ಈ ಎಲುಬಿನ ನಾಳದಿಂದ. ಅಂಥವರಿಗೆ ಬೇರೆ ದಾರಿ ಹುಡುಕುತ್ತಾರೆ. ಆಮೇಲೆ, ಬೀಡಿ. ನಮ್ಮ ಜಿಲ್ಲೆಯಲ್ಲಿ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ ಮನೆಗಳು ಎಷ್ಟೋ ಇವೆ, ಕಟ್ಟಿದವರ ಮೇಲೆ ನನ್ನ ಸಿಟ್ಟಿಲ್ಲ. ಸೇದಿದರೆ ಮಾತ್ರ ನಿಕೋಟಿನ್ನಿಗೆ ನಾಳ ಮುದುಡಿಕೊಳ್ಳುತ್ತದೆ, ಹಗಲಿಡೀ ಮಾಡಿದ ಕೆಲಸ ಅಲ್ಲಿಗೆ ಮುಗಿಯಿತು. ಬಾತ್‌ರೂಮಿನಲ್ಲಿ ಅಡಗಿ ಎರಡು ದಮ್ಮು ಎಳೆದು ಬಂದವರನ್ನು ವಾಸನೆಯಲ್ಲೇ ಹಿಡಿದಿದ್ದೇವೆ. ಅಪ್ಪನ ಜೊತೆ ರಾತ್ರಿ ಕೂರುವ ದೊಡ್ಡಪ್ಪನಿಗೂ ಹೇಳಿ, ಪಕ್ಕದಲ್ಲಿ ಕೂತು ಸೇದುವ ಹಾಗಿಲ್ಲ.

ಬೈಕ್ ಅಪಘಾತವಾಗಿ ಎರಡು ತಿಂಗಳು. ಮಗನ ಬಲಗೈ ಭುಜದಿಂದಲೇ ಜೋತು ಬಿದ್ದಿದೆ. ಎಲುಬು ಮುರಿದಿಲ್ಲ. ಎಣ್ಣೆ ಹಚ್ಚಿ ತಿಕ್ಕಿಸುತ್ತಿದ್ದೇವೆ. ಇನ್ನು ಎಷ್ಟು ಕಾಯಬೇಕು? (ಪುತ್ತೂರು)

ಇನ್ನು ಕಾಯಬೇಡಿ. ಕುತ್ತಿಗೆಯಿಂದ ಕೈಗೆ ಇಳಿಯುವ ನರಗಳ ಗುಂಪಿಗೆ ಪೆಟ್ಟಾಗಿರಬಹುದು. ಎಷ್ಟೋ ಸಲ ತಾನೇ ಸರಿಯಾಗುತ್ತದೆ, ನಿಜ. ಆದರೆ ಮೂರು ತಿಂಗಳಾದರೂ ಚೇತರಿಕೆ ಕಾಣದಿದ್ದರೆ ಆಪರೇಷನ್ನಿನ ಯೋಚನೆ ಮಾಡಬೇಕು. 6 ತಿಂಗಳೊಳಗೆ ಆದರೆ ಒಳ್ಳೆಯದು. ವರ್ಷ ದಾಟಿದರೆ ಸ್ನಾಯು ಕರಗಿ, ನರ ಬಂದು ಸೇರಿದರೂ ಕೇಳುವುದಿಲ್ಲ. ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಕುತ್ತಿಗೆಯಿಂದ ಮೊಣಕೈಗೆ ಎಷ್ಟು ತಿಂಗಳಾಯಿತು, ನೀವೇ ಲೆಕ್ಕ ಹಾಕಿ. ಅದಕ್ಕೇ ದೂರದಿಂದ ಬರುವುದನ್ನು ಕಾಯದೆ, ಬೆರಳಿಗೆ ಹೋಗುವ ಗಟ್ಟಿ ನರದ ಒಂದು ಎಳೆಯನ್ನು ತೋಳಿನಲ್ಲೇ ಬಿಡಿಸಿ, ಮೊಣಕೈ ಮಡಚುವ ಸ್ನಾಯುವಿಗೆ ಜೋಡಿಸುತ್ತಾರೆ. ಬೆರಳಿನ ಶಕ್ತಿ ಅಷ್ಟೇನೂ ಕಡಿಮೆಯಾಗುವುದಿಲ್ಲ. ನಿಮ್ಮ ಮಗನ ಬೆರಳು ಆಡುತ್ತಿದ್ದರೆ ಇದು ಆದೀತು. ಈ ವಾರವೇ ಮಂಗಳೂರಿಗೋ ಮಣಿಪಾಲಕ್ಕೋ ಹೋಗಿ, ನರದ ಕೆಲಸ ಮಾಡುವ ಪ್ಲಾಸ್ಟಿಕ್ ಸರ್ಜನ್ ಅಥವಾ ಆರ್ಥೋ ಡಾಕ್ಟರನ್ನು ಕೇಳಿ.

ಎಣ್ಣೆಯಿಂದ ನರ ಕೂಡುವುದಿಲ್ಲ. ಹಚ್ಚಿದರೆ ನಷ್ಟವೂ ಇಲ್ಲ. ಬಿಸಿ ಶಾಖ ಮಾತ್ರ ಕೊಡಬೇಡಿ. ಸ್ಪರ್ಶ ಇಲ್ಲದ ಕೈ ಸುಟ್ಟರೂ ಅವನಿಗೆ ಗೊತ್ತಾಗುವುದಿಲ್ಲ. ಭುಜ, ಮೊಣಕೈ, ಬೆರಳಿನ ಗಂಟುಗಳನ್ನು ದಿನಾ ಮೆಲ್ಲಗೆ ಆಡಿಸಿ.

ತಾಯಿಗೆ ಮೂವತ್ತು ವರ್ಷದಿಂದ ಆನೆಕಾಲು. ಮೈಕ್ರೋಸರ್ಜರಿಯಿಂದ ಹೋಗುತ್ತದಾ? (ಉಳ್ಳಾಲ)

ಕಾಲಿನಲ್ಲಿ ನಿಲ್ಲುವ ನೀರನ್ನು ಸಾಗಿಸುವ ದುಗ್ಧನಾಳವನ್ನು ಅಭಿಧಮನಿಗೆ ಜೋಡಿಸುವ ಆಪರೇಷನ್ ಇದೆ. ಅರ್ಧ ಮಿಲಿಮೀಟರಿನ ನಾಳಗಳು, ಬೆರಳಿನ ಕೆಲಸಕ್ಕಿಂತಲೂ ನಾಜೂಕು. ಆದರೆ ಅದರ ಲಾಭ ಕಾಣುವುದು ಊತ ಮೆತ್ತಗಿರುವಾಗ, ಶುರುವಿನಲ್ಲಿ. ಕಾಲು ಗಟ್ಟಿಯಾದ ಮೇಲೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ದಿನಾ ಸೋಪು ಹಾಕಿ ತೊಳೆದು, ಬೆರಳ ಸಂದು ಒರೆಸಿ, ಕಾಲು ಎತ್ತರಿಸಿ ಇಡುವುದೇ ಅವರಿಗೆ ದೊಡ್ಡ ಔಷಧಿ. ಮಳೆಗಾಲದಲ್ಲಿ ಇನ್ನೂ ಜಾಗ್ರತೆ.

ನಾನು ಎಂಬಿಬಿಎಸ್ ಓದುತ್ತಿದ್ದೇನೆ. ಕೈ ನಡುಗುತ್ತದೆ. ಮೈಕ್ರೋಸರ್ಜನ್ ಆಗಬಹುದಾ? (ಮಣಿಪಾಲ)

ಎಲ್ಲರ ಕೈಯೂ ನಡುಗುತ್ತದೆ ಮಗಾ. ಮೈಕ್ರೋಸ್ಕೋಪಿನಲ್ಲಿ ದೊಡ್ಡ ದೊಡ್ಡ ಸರ್ಜನ್ನರ ನಡುಕವನ್ನೂ ನಾನು ನೋಡಿದ್ದೇನೆ. ಅವರು ಮುಂಗೈಯನ್ನು ಮಡಚಿದ ಬಟ್ಟೆಯ ಮೇಲೆ ಪೂರ್ತಿ ಊರುತ್ತಾರೆ, ಆಡುವುದು ಬೆರಳ ತುದಿ ಮಾತ್ರ. ಹಿಂದಿನ ರಾತ್ರಿ ನಿದ್ದೆ ಮಾಡುತ್ತಾರೆ, ಹೊಟ್ಟೆ ಖಾಲಿ ಇಟ್ಟುಕೊಂಡು ಬರುವುದಿಲ್ಲ, ಕೆಲವರು ಆ ದಿನ ಕಾಫಿ ಮುಟ್ಟುವುದಿಲ್ಲ. ಕೂರುವ ಸ್ಟೂಲಿನ ಎತ್ತರ ಸರಿಯಾಗುವವರೆಗೆ ಶುರುವೇ ಮಾಡದವರಿದ್ದರು, ನನಗೆ ಅಂಥವರ ಜೊತೆ ಕೆಲಸ ಇಷ್ಟವಾಗುತ್ತಿತ್ತು. ಮೊದಲು ರಬ್ಬರ್ ಗ್ಲೌಸನ್ನು ಸೀಳಿ ಅದರ ಮೇಲೆ ಹೊಲಿಗೆ ಕಲಿ. ಆಮೇಲೆ ಕೋಳಿ. ಕೋಳಿಯ ತೊಡೆಯ ಒಳಗಿನ ನಾಳ ಹೆಚ್ಚುಕಡಿಮೆ ನಮ್ಮ ಬೆರಳಿನ ನಾಳದಷ್ಟೇ ದಪ್ಪ. ಅದರಲ್ಲೇ ಹಲವರು ಕಲಿಯುವುದು. ಅಂಗಡಿಯವನಿಗೆ ಕಾಲನ್ನು ತುಂಡು ಮಾಡಬೇಡ, ಇಡಿಯಾಗಿ ಕೊಡು ಎಂದು ಹೇಳು. ಭಾನುವಾರ ಬೆಳಿಗ್ಗೆ ಹೋಗಬೇಡ, ರಶ್ಶಿನಲ್ಲಿ ಅವನು ಕೇಳಿಸಿಕೊಳ್ಳುವುದಿಲ್ಲ.