ಕಸದ ಗಾಡಿಗೆ ಮನೆಪತ್ರ ಯಾಕೆ?

ಪ್ರಶ್ನೆ: ಸರ್, ನಾನು, ನಮ್ಮನೆಯವರು ಎರಡು ವರ್ಷದಿಂದ ಅಂಗಡಿ, ಕಲ್ಯಾಣ ಮಂಟಪಗಳ ಒಣಕಸ ಎತ್ತುತ್ತಿದ್ದೇವೆ. ದುಡಿದದ್ದೆಲ್ಲ ಬಾಡಿಗೆ ಆಟೋಗೇ ಹೋಗುತ್ತಿದೆ. ಸ್ವಂತ ಗಾಡಿಗೆ 6 ಲಕ್ಷ ಸಾಲ ಕೇಳಿದರೆ, ಬ್ಯಾಂಕಿನವರು ಮನೆಪತ್ರ ತನ್ನಿ ಅಂತಾರೆ. ಬೇರೆ ದಾರಿ ಇದೆಯಾ?
– ಓದುಗರು, ಚಿಂತಾಮಣಿ

ಉತ್ತರ: ಇದೆ ತಾಯಿ. ಮನೆಪತ್ರ ಬೀರುವಿನಲ್ಲೇ ಇರಲಿ. ಸಣ್ಣ ಉದ್ಯಮಗಳಿಗೆ ಸಾಲ ಕೊಡಿಸುವ ಕೇಂದ್ರ ಸರ್ಕಾರದ ಮುದ್ರಾ ಯೋಜನೆಯಲ್ಲಿ 10 ಲಕ್ಷದವರೆಗೆ ಆಸ್ತಿ ಅಡಮಾನ ಬೇಕಿಲ್ಲ. 5 ಲಕ್ಷ ದಾಟಿದ್ದರಿಂದ ನಿಮ್ಮದು ಆ ಯೋಜನೆಯ 'ತರುಣ್' ವರ್ಗ. ಕೊಳ್ಳುವ ಗಾಡಿಯೇ ಬ್ಯಾಂಕಿಗೆ ಆಧಾರ. ಈ ಸಾಲಕ್ಕೆ ಸರ್ಕಾರದ ಗ್ಯಾರಂಟಿ ಇರುವುದು ಬ್ಯಾಂಕಿನ ನಷ್ಟಕ್ಕೆ, ನಿಮ್ಮ ಸಾಲ ಮನ್ನಾ ಮಾಡೋದಕ್ಕಲ್ಲ. ತುಂಬಾ ಜನ ಇಲ್ಲೇ ಎಡವುತ್ತಾರೆ.

ಪಿಎಂಇಜಿಪಿ (ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆ) ಸಬ್ಸಿಡಿ ಕೊಡಿಸುತ್ತೇನೆ ಅಂತ ಯಾರಾದರೂ ಬಂದರೆ ಸುಮ್ನೆ ದುಡ್ಡು ಕೊಡಬೇಡಿ. ಅದು ಮುಖ್ಯವಾಗಿ ಹೊಸದಾಗಿ ಶುರುಮಾಡುವವರಿಗೆ, ನಿಮ್ಮದು ಆಗಲೇ ನಡೆಯುತ್ತಿರುವ ಕೆಲಸ.

ನಾನು ಬ್ಯಾಂಕಿನ ಕೋಲಾರ ಶಾಖೆಯಲ್ಲಿದ್ದಾಗ ಗುಜರಿ ವ್ಯಾಪಾರದ ಹೆಣ್ಣುಮಗಳೊಬ್ಬರು ಇನ್ನೂರು ಪುಟದ ನೋಟ್‌ಬುಕ್ ತಂದು ಮೇಜಿನ ಮೇಲಿಟ್ಟರು. ರಟ್ಟು ಎಷ್ಟು ಕೆಜಿ, ಬಾಟಲಿ ಎಷ್ಟು, ಯಾರಿಗೆ ಹಾಕಿದರು, ಎಷ್ಟು ಬಂತು, ಎಲ್ಲ ದಿನದಿನವೂ ಬರೆದಿತ್ತು. ಅಂಚುಗಳಲ್ಲಿ ಎಣ್ಣೆ ಕಲೆ. ಅದನ್ನು ನೋಡಿಯೇ ನಾನು ಸಾಲಕ್ಕೆ ಶಿಫಾರಸು ಬರೆದೆ. ನೀವೂ ಇವತ್ತಿನಿಂದಲೇ ಬರೆದಿಡಿ. ಮಂಟಪದವರು ಕೊಡುವ ಹಣ ಖಾತೆಗೇ ಬರಲಿ. ಸಣ್ಣ ಉದ್ಯಮಗಳಿಗಿರುವ ಸರ್ಕಾರದ 'ಉದ್ಯಮ್' ನೋಂದಣಿ ಮಾಡಿಸಿ, ಅದಕ್ಕೆ ಶುಲ್ಕ ಇಲ್ಲ. ಮತ್ತೆ ಮನೆಪತ್ರ ಕೇಳಿದರೆ, ಕಾರಣ ಬರೆದು ಕೊಡಿ ಅನ್ನಿ. ಆ ಕಾಗದ ಹಿಡಿದು ಚಿಕ್ಕಬಳ್ಳಾಪುರದಲ್ಲಿ ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರ್, ಅಂದರೆ ಜಿಲ್ಲೆಯ ಬ್ಯಾಂಕುಗಳ ನಡುವೆ ಸಮನ್ವಯ ನೋಡಿಕೊಳ್ಳುವ ಅಧಿಕಾರಿಯನ್ನು ಕಾಣಿ.