ಮಷೀನ್ ಕೊರೆದರೆ ಕೈಕೆಲಸ ಅಲ್ವಾ?

ಪ್ರಶ್ನೆ: ಸಿಎನ್‌ಸಿ ಮಷೀನಿನಲ್ಲಿ (ಕಂಪ್ಯೂಟರ್ ನಡೆಸುವ ಕೊರೆಯುವ ಯಂತ್ರ) ಮರ ಕೊರೆಸಿ ಎಲೆಕ್ಟ್ರಿಕ್ ಗಿಟಾರ್ ಮಾಡಬೇಕೆಂದಿದ್ದೇನೆ. ಅದನ್ನು ಕೈಯಲ್ಲಿ ಮಾಡಿದ್ದು ಅನ್ನಬಹುದಾ? ಎಲ್ಲಿ ಎಚ್ಚರ ಬೇಕು?
— ಓದುಗರೊಬ್ಬರು, ರಾಜಾಜಿನಗರ

ಉತ್ತರ: ಧಾರಾಳವಾಗಿ ಅನ್ನಿ. ಮಷೀನ್ ಆಕಾರ ಕೊಡುತ್ತದೆ, ಅಷ್ಟೆ. ನಾನು ಹಲಸಿನ ಹಲಗೆ ತಂದು (ವೀಣೆಗೆ ಆಗುವ ಮರ ಗಿಟಾರಿಗೆ ಆಗಲ್ವಾ?) ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಕೊರೆಸಿದೆ. ಬಾಡಿ ಚೆನ್ನಾಗಿಯೇ ಬಂತು. ಕೆಟ್ಟಿದ್ದು ಫ್ರೆಟ್ (ಗಿಟಾರಿನ ಕತ್ತಿನ ಮೇಲೆ ಅಡ್ಡಲಾಗಿ ಇರುವ ಲೋಹದ ಪಟ್ಟಿ) ಕೂರುವ ಸೀಳುಗಳಲ್ಲಿ. ಅವುಗಳ ಅಗಲ ಬರೀ 0.6 ಮಿ.ಮೀ. ಅವಸರಕ್ಕೆ ಒಂದೇ ಸಲ ಪೂರ್ತಿ ಆಳಕ್ಕೆ ಕೊರೆಯಿರಿ ಅಂದೆ. ಸೂಜಿಯಂಥ ಬಿಟ್ ಪಟ್ ಅಂತ ಮುರಿದು ಮರದೊಳಗೇ ಉಳಿಯಿತು. ತಪ್ಪು ನನ್ನದೇ. ಈಗ ಮಷೀನಿನಿಂದ ಗುರುತು ಮಾತ್ರ ಹಾಕಿಸಿ, ಸಣ್ಣ ಗರಗಸದಲ್ಲಿ ನಾನೇ ಕೊಯ್ಯುತ್ತೇನೆ.

ಯಾವ ಫ್ರೆಟ್ ಎಲ್ಲಿ ಅನ್ನುವ ಲೆಕ್ಕ ಸುಲಭ. ತಂತಿಯ ಮಿಡಿಯುವ ಭಾಗದ ಉದ್ದ 648 ಮಿ.ಮೀ. ಇದ್ದರೆ 17.817ರಿಂದ ಭಾಗಿಸಿ. ಆ ಭಾಗದ ತಲೆಯ ಕಡೆಯ ತುದಿಯಿಂದ ಮೊದಲ ಫ್ರೆಟ್ 36.37 ಮಿ.ಮೀ.ಗೆ ಬರುತ್ತದೆ. ಉಳಿದ ಉದ್ದವನ್ನು ಹೀಗೇ ಭಾಗಿಸುತ್ತಾ ಹೋಗಿ. 12ನೆಯದು ಸರಿಯಾಗಿ ನಡುವೆ, 324ಕ್ಕೆ ಬೀಳಬೇಕು.

ಮರ ಚೆನ್ನಾಗಿ ಒಣಗಿರಲಿ. ಇನ್ನು ಕತ್ತಿನ ಹಿಂಭಾಗ: ಕಣ್ಣು ಮುಚ್ಚಿ ಹೆಬ್ಬೆರಳು ಜಾರಿಸಿ, ತಡೆದ ಕಡೆ ಸ್ಯಾಂಡ್‌ಪೇಪರ್ ಉಜ್ಜಿ. ನನಗೆ ಇದಕ್ಕೇ ಎರಡು ಭಾನುವಾರ ಹಿಡಿಯಿತು.