ಪಾಸ್‌ವರ್ಡ್ ವಿಷಯ ಆಮೇಲೆ, ಮೊದಲು ದೂರಿನಲ್ಲಿ ಏನು ಬರೆದುಕೊಟ್ಟಿದ್ದೀರಿ ನೋಡಿ

ತೀರಿಕೊಂಡ ತಂಗಿಯ ಫೋನು, ಡೈರಿ ಎರಡೂ ಸ್ಟೇಷನ್‌ನಲ್ಲಿವೆ. ಲಾಕ್ ತೆಗೆಯೋಕೆ ಎಸ್‌ಐ ಪಾಸ್‌ವರ್ಡ್ ಕೇಳುತ್ತಿದ್ದಾರೆ. ಕೊಡದೆ ಇರಬಹುದಾ, ಸತ್ತವರಿಗೆ ಖಾಸಗಿತನ ಅನ್ನೋದೇ ಇಲ್ವಾ? ಇಷ್ಟು ತಾನೇ ನಿಮ್ಮ ಪ್ರಶ್ನೆ. ಓದಿ ಕೈಲಿದ್ದ ಕೆಲಸ ಪಕ್ಕಕ್ಕಿಟ್ಟೆ. 2022ರಲ್ಲಿ ನಾನು ಇದನ್ನೇ ಕೇಳಿಕೊಂಡು ಸಿಕ್ಕಸಿಕ್ಕವರ ಹತ್ತಿರ ಓಡಾಡಿದ್ದೆ. ನಮ್ಮ ಮನೆಯಲ್ಲಿ ಹೋಗಿದ್ದು ತಮ್ಮ, ಆತ್ಮಹತ್ಯೆ.

ನಮ್ಮದು ಬೆಂಗಳೂರಿನ ಹನುಮಂತನಗರ. ಅವನಿಗೆ ಆಗ 27. ಹೇಗೆ ಹೋದ ಅನ್ನೋದನ್ನು ಬರೆಯುವುದಿಲ್ಲ, ನಿಮಗೂ ಅದು ಬೇಕಿಲ್ಲ.

ಅವತ್ತು ರಾತ್ರಿ ಸ್ಟೇಷನ್‌ನಲ್ಲಿ ದೂರು ಬರೆದುಕೊಡಿ ಅಂದರು. ದೂರು ಅಂದರೆ ಯಾರ ಮೇಲೂ ಅಲ್ಲ. ಮನೆಯವರು ನಡೆದದ್ದನ್ನು ಬರೆದುಕೊಟ್ಟರೆ ಅದರ ಮೇಲೆ ಯುಡಿಆರ್, ಅಂದರೆ ಅಸಹಜ ಸಾವಿನ ವರದಿ ದಾಖಲಾಗುತ್ತದೆ. ಆಗ ಹಳೇ ಅಪರಾಧ ಪ್ರಕ್ರಿಯಾ ಸಂಹಿತೆಯ ಸೆಕ್ಷನ್, ಸಿಆರ್‌ಪಿಸಿ 174 ಅನ್ನುತ್ತಿದ್ದರು, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಹೊಸ ಸಂಹಿತೆಯಲ್ಲಿ ಅದು ಬಿಎನ್‌ಎಸ್‌ಎಸ್ 194. ನಂಬರ್ ಬದಲಾಗಿದೆ, ಕೆಲಸ ಹೆಚ್ಚುಕಮ್ಮಿ ಅದೇ.

ಅಪ್ಪ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಪೆನ್ನು ನನ್ನ ಕೈಗೆ ಬಂತು. ಪಕ್ಕದಲ್ಲಿ ಚಿಕ್ಕಪ್ಪ ಕೂತಿದ್ದರು. ನಮ್ಮ ಕಡೆ ಸಾವು, ಮದುವೆ, ಆಸ್ತಿ ಯಾವುದೇ ಇರಲಿ, ಕಾಗದಪತ್ರದ ವಿಷಯಕ್ಕೆ ಅವರೇ ಮುಂದೆ.

"ಹೊಟ್ಟೆನೋವು ಅಂತ ಬರಿಯಮ್ಮ. ಎಲ್ಲರೂ ಹಂಗೇ ಬರೆಯೋದು. ಡಿಪ್ರೆಶನ್ನು ಗಿಪ್ರೆಶನ್ನು ಅಂತ ಹಾಕಿದ್ರೆ ಡೆತ್ ಸರ್ಟಿಫಿಕೇಟಲ್ಲೂ ಅದೇ ಬರುತ್ತೆ. ನಾಳೆ ನಿನ್ನ ನೋಡೋಕೆ ಬರೋ ಗಂಡಿನ ಕಡೆಯವ್ರು ಏನಂತಾರೆ?"

ತಮ್ಮ ಒಂದು ವರ್ಷದಿಂದ ಮನೋವೈದ್ಯರ ಹತ್ತಿರ ಹೋಗುತ್ತಿದ್ದ. ಅದು ಗೊತ್ತಿದ್ದದ್ದು ಮನೆಯಲ್ಲಿ ನಮ್ಮ ಮೂವರಿಗೆ, ಮತ್ತೆ ಹೇಗೋ ವಾಸನೆ ಹಿಡಿದಿದ್ದ ಚಿಕ್ಕಪ್ಪನಿಗೆ. ಬದುಕಿದ್ದಾಗ ಯಾರಿಗೂ ಹೇಳಬೇಡಿ ಅಂದಿದ್ದ. ಸತ್ತ ಮೇಲಾದರೂ ಅವನ ಮಾತು ಉಳಿಸೋಣ ಅಂದುಕೊಂಡೆ. ಸ್ಟೇಷನ್ ರೈಟರ್ ನೋಡಿಕೊಂಡು ಬರೆಯಲು ಹಳೇ ಪ್ರತಿಯೊಂದನ್ನು ಮುಂದಿಟ್ಟರು. ಪೇಪರ್ ಓದುವವರಿಗೆಲ್ಲ ಗೊತ್ತಿರುವ ಸಾಲುಗಳೇ. ಬಹಳ ದಿನಗಳಿಂದ ಹೊಟ್ಟೆನೋವಿನಿಂದ ಬಳಲುತ್ತಿದ್ದು, ಚಿಕಿತ್ಸೆ ಪಡೆದರೂ ವಾಸಿಯಾಗದೆ, ಜೀವನದಲ್ಲಿ ಜಿಗುಪ್ಸೆಗೊಂಡು. ಕೊನೆಯಲ್ಲಿ, ಸಾವಿನ ಬಗ್ಗೆ ಬೇರೆ ಯಾವುದೇ ಅನುಮಾನ ಇರುವುದಿಲ್ಲ. ನಕಲು ಮಾಡಿ ಸಹಿ ಹಾಕಿದೆ.

ಈ ಒಂದು ಸಾಲಿನಿಂದ ಏನೇನಾಯ್ತು ಅಂತ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಸಹಿಸಿಕೊಳ್ಳಿ. ನಿಮ್ಮ ಪ್ರಶ್ನೆಗೆ ಉತ್ತರ ಇರೋದು ಇಲ್ಲೇ.

ಮೊದಲನೆಯದು, ಚಿಕ್ಕಪ್ಪನ ಹೆದರಿಕೆಗೆ ಆಧಾರವೇ ಇರಲಿಲ್ಲ. ಡೆತ್ ಸರ್ಟಿಫಿಕೇಟಿನಲ್ಲಿ ಸಾವಿನ ಕಾರಣ ಬರುವುದೇ ಇಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಅದನ್ನು ಸ್ಪಷ್ಟವಾಗಿ ಹೇಳುತ್ತದೆ: ರಿಜಿಸ್ಟರಿನಲ್ಲಿ ಕಾರಣ ಇದ್ದರೂ ಯಾರಿಗೇ ಪ್ರತಿ ಕೊಡುವಾಗ ಅದನ್ನು ತೋರಿಸುವಂತಿಲ್ಲ. ಹೆಸರು, ತಾರೀಕು, ಸ್ಥಳ, ಅಪ್ಪ ಅಮ್ಮನ ಹೆಸರು, ವಿಳಾಸ, ಅಷ್ಟೇ. ಸತ್ತವರ ಗುಟ್ಟನ್ನು ನಮ್ಮ ಕಾನೂನು ಇಷ್ಟು ನೇರವಾಗಿ ಕಾಯುವ ಜಾಗ ನನಗೆ ಬೇರೆ ಸಿಕ್ಕಿಲ್ಲ. ಅವತ್ತು ಅದನ್ನು ಹೇಳುವವರು ಒಬ್ಬರೂ ಇರಲಿಲ್ಲ.

ಎರಡನೆಯದು ಮಾತ್ರೆ. ಮಾರನೇ ದಿನ ಕೋಣೆಯ ಮಹಜರು ಆಯ್ತು, ಅಂದರೆ ಪಂಚರು ಅನ್ನೋ ಸಾಕ್ಷಿಗಳ ಮುಂದೆ ಅಲ್ಲಿರುವುದನ್ನೆಲ್ಲ ಪಟ್ಟಿ ಮಾಡೋದು. ಪಂಚರಾಗಿ ಬಂದವರು ಎದುರುಮನೆ ಅಂಕಲ್ ಮತ್ತು ಬೀದಿ ಕೊನೆಯ ದಿನಸಿ ಅಂಗಡಿಯವರು. ಟೇಬಲ್ ಡ್ರಾಯರ್‌ನಲ್ಲಿದ್ದ ಮಾತ್ರೆ ಸ್ಟ್ರಿಪ್ಪನ್ನು ಹೆಡ್ ಕಾನ್‌ಸ್ಟೇಬಲ್ ಬೆಳಕಿಗೆ ಹಿಡಿದು, ಹೆಸರು, ಬ್ಯಾಚ್ ನಂಬರ್ ಸಮೇತ ಗಟ್ಟಿಯಾಗಿ ಓದಿ ಬರೆಸಿದರು. ಕಂಪನಿ ಹೆಸರಿನ ಅಕ್ಷರ ಸಣ್ಣದಿತ್ತು, ದಿನಸಿ ಅಂಗಡಿಯವರು ಕನ್ನಡಕ ಏರಿಸಿ ಸಹಾಯ ಮಾಡಿದರು. ನಾನು ಬಚ್ಚಿಟ್ಟ ಗುಟ್ಟು ಅಲ್ಲೇ ಬೀದಿಗೆ ಬಿತ್ತು.

ಸಂಜೆ ಎಸ್‌ಐ ಕರೆಸಿ ಕೇಳಿದರು. "ಏನಮ್ಮಾ, ಹೊಟ್ಟೆನೋವಿಗೆ ಈ ಮಾತ್ರೆ ಯಾವ ಡಾಕ್ಟ್ರು ಕೊಡ್ತಾರೆ?"

ಅವರ ಜಾಗದಲ್ಲಿ ನಿಂತು ಯೋಚಿಸಿ. ಯುಡಿಆರ್ ವಿಚಾರಣೆಯ ವ್ಯಾಪ್ತಿ ಚಿಕ್ಕದು. ಸಾವು ಮೇಲ್ನೋಟಕ್ಕೆ ಹೇಗಾಯ್ತು, ಬೇರೆಯವರ ಕೈವಾಡ ಇದೆಯಾ, ಇಷ್ಟೇ. ಪಂಚನಾಮೆ, ಪೋಸ್ಟ್‌ಮಾರ್ಟಂ, ಹತ್ತಿರದವರ ಹೇಳಿಕೆ, ಅಗತ್ಯ ಬಿದ್ದರೆ ಒಳಾಂಗದ ಸ್ಯಾಂಪಲ್ ಮಡಿವಾಳದ ಎಫ್‌ಎಸ್‌ಎಲ್‌ಗೆ, ಅಂದರೆ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ. ಎಲ್ಲ ಒಂದಕ್ಕೊಂದು ತಾಳೆಯಾದರೆ ವರದಿ ಮ್ಯಾಜಿಸ್ಟ್ರೇಟರಿಗೆ ಹೋಗಿ ಮುಗಿಯುತ್ತದೆ. ತಾಳೆಯಾಗದಿದ್ದರೆ? ಮನೆಯವರು ಏನೋ ಮುಚ್ಚಿಡುತ್ತಿದ್ದಾರೆ ಅಂತ ಯಾರಿಗಾದರೂ ಅನಿಸುತ್ತದೆ. ಆಗ ಅವರ ತಲೆಯಲ್ಲಿ ಓಡುವುದು ಆತ್ಮಹತ್ಯೆಗೆ ಪ್ರಚೋದನೆಯ ಸೆಕ್ಷನ್. ಆಗ ಐಪಿಸಿ 306, ಈಗ ಹೊಸ ದಂಡಸಂಹಿತೆ ಬಿಎನ್‌ಎಸ್‌ನ 108, ಹತ್ತು ವರ್ಷದವರೆಗೆ ಶಿಕ್ಷೆ ಇರುವಂಥದ್ದು.

ಅಲ್ಲಿಯವರೆಗೆ ಯಾರೂ ಮುಟ್ಟದಿದ್ದ ಫೋನನ್ನು ಅವತ್ತು ಕೇಳಿದರು. ಬಿಳಿ ಬಟ್ಟೆಯಲ್ಲಿ ಸುತ್ತಿ, ಹೊಲಿದು, ಅರಗು ಕಾಯಿಸಿ ಸೀಲು ಒತ್ತಿದರು. ಪಂಚರ ಸಹಿಯ ಚೀಟಿ ಅಂಟಿಸಿ, ವಶಕ್ಕೆ ತೆಗೆದುಕೊಂಡ ವಸ್ತುಗಳಿಗೆ ಕೊಡುವ ಪಿಎಫ್ ನಂಬರ್ ಹಾಕಿದರು. ಕರೆಗಳ ಪಟ್ಟಿ ತರಿಸಿದರು. ಕೊನೆಯ ವಾರ ಅವನು ಜಾಸ್ತಿ ಮಾತಾಡಿದ್ದು ಹಳೇ ಕಾಲೇಜಿನ ಒಬ್ಬ ಗೆಳತಿಯ ಜೊತೆ. ಅವಳನ್ನು ಹೇಳಿಕೆಗೆ ಕರೆಸಿದರು. ಪಾಪ, ಡಾಕ್ಟರ ಹತ್ತಿರ ಹೋಗು ಅಂತ ಮೊದಲು ಒಪ್ಪಿಸಿದವಳೇ ಅವಳು. ಮಗಳಿಗೆ ಪೊಲೀಸ್ ಸ್ಟೇಷನ್‌ನಿಂದ ಫೋನ್ ಬಂದಿದೆ ಅಂತ ಅವಳ ಅಪ್ಪನಿಗೆ ಗೊತ್ತಾಗಿ ಆ ಮನೆಯಲ್ಲಿ ದೊಡ್ಡ ರಾದ್ಧಾಂತ. ಅವಳು ಇವತ್ತಿಗೂ ನನ್ನ ಜೊತೆ ಮಾತಾಡಲ್ಲ. ಮಾತಾಡಬೇಕು ಅಂತ ನಿರೀಕ್ಷಿಸೋ ಹಕ್ಕೂ ನನಗಿಲ್ಲ. ನಾನು ಮೊದಲೇ ನಿಜ ಬರೆದಿದ್ದರೆ ಡಾಕ್ಟರ ಒಂದು ಪತ್ರದಲ್ಲಿ ಮುಗಿಯುತ್ತಿದ್ದ ವಿಷಯ ಅದು.

ಮೂರನೆಯದು ಇನ್ಶೂರೆನ್ಸ್. ತಮ್ಮ 2020ರಲ್ಲಿ ಟರ್ಮ್ ಪಾಲಿಸಿ ಮಾಡಿಸಿದ್ದ. ಆತ್ಮಹತ್ಯೆಯಾದರೆ ದುಡ್ಡು ಬರಲ್ಲ ಅಂತ ಎಲ್ಲರೂ ಹೇಳಿದರು. ಅದೂ ಪೂರ್ತಿ ನಿಜವಲ್ಲ. ಆ ಷರತ್ತು ಇರೋದು ಮೊದಲ 12 ತಿಂಗಳಿಗೆ, ನಮ್ಮದು ದಾಟಿತ್ತು. ಆದರೆ ಮೂರು ವರ್ಷ ತುಂಬುವ ತನಕ, ಅರ್ಜಿಯಲ್ಲಿ ಕಾಯಿಲೆ ಮುಚ್ಚಿಟ್ಟಿದ್ದೀರಿ ಅಂತ ಕಂಪನಿ ತಕರಾರು ಎತ್ತಬಹುದು. ವಿಮಾ ಕಾಯ್ದೆಯ 45ನೇ ಸೆಕ್ಷನ್. ಕಂಪನಿ ಯುಡಿಆರ್ ಪ್ರತಿ ಕೇಳಿತು, ಕೊಟ್ಟೆವು. ತಿರುಗಿ ಕಾಗದ ಬಂತು: ಬಹಳ ದಿನಗಳ ಹೊಟ್ಟೆನೋವು ಇತ್ತು ಅಂತ ನೀವೇ ಹೇಳಿದ್ದೀರಿ, ಅದರ ಚಿಕಿತ್ಸೆಯ ದಾಖಲೆ ಕಳಿಸಿ. ಇಲ್ಲದ ಕಾಯಿಲೆಗೆ ದಾಖಲೆ ಎಲ್ಲಿಂದ ತರೋದು? ಕ್ಲೇಮ್ ತಿರಸ್ಕಾರ.

ಅವನ ನಿಜವಾದ ಚಿಕಿತ್ಸೆ ಶುರುವಾಗಿದ್ದು ಪಾಲಿಸಿ ಮಾಡಿಸಿದ ಮೇಲೆ. ಅಂದರೆ ಸತ್ಯ ಬರೆದಿದ್ದರೆ ಕಂಪನಿ ಹಿಡಿಯಲು ಏನೂ ಇರಲಿಲ್ಲ. ಸುಳ್ಳು ಹೇಳಿದ್ದಕ್ಕೆ ಸಿಕ್ಕಿಬಿದ್ದೆವು. ಮೊದಲು ಕಂಪನಿಗೇ ದೂರು ಕೊಟ್ಟು ಕಾದೆವು. ಆಮೇಲೆ ಜೆ.ಪಿ. ನಗರದ ಜೀವನ್ ಸೌಧದಲ್ಲಿರುವ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮಾ ಕಂಪನಿಗಳ ಮೇಲಿನ ದೂರು ವಿಚಾರಿಸುವವರ ಕಚೇರಿಗೆ ಹೋದೆವು. ಅಲ್ಲಿ ಅವನ ಮನೋವೈದ್ಯರ ಚೀಟಿಗಳನ್ನೆಲ್ಲ ಜೆರಾಕ್ಸ್ ಮಾಡಿಸಿ, ಪ್ರತಿ ಹಾಳೆಗೂ ಸಹಿ ಹಾಕಿ ಕೊಟ್ಟವಳು ನಾನೇ. ಯಾವುದನ್ನು ಮುಚ್ಚಿಡಲು ಹೊರಟಿದ್ದೆನೋ ಅದು ಈಗ ಸ್ಟೇಷನ್, ಕಂಪನಿ, ಓಂಬುಡ್ಸ್‌ಮನ್ ಮೂರೂ ಕಡೆ ಫೈಲಿನಲ್ಲಿದೆ. ದುಡ್ಡು ಕೊನೆಗೆ ಬಂತು. ಅಷ್ಟರಲ್ಲಿ ಅಪ್ಪ ಮನೆ ಸಾಲದ ಕಂತು ಕಟ್ಟಲು ಕೈಸಾಲ ಮಾಡಿಯಾಗಿತ್ತು.

ಈಗ ನಿಮ್ಮ ಪ್ರಶ್ನೆ. ಸತ್ತವರ ಖಾಸಗಿತನ ಅಂತ ಹೊರಟರೆ ಕಾನೂನಿನಲ್ಲಿ ಹಿಡಿತ ಕಡಿಮೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿತಲ್ಲ, ಆ ಅರ್ಜಿ ಹಾಕಿದ ಪುಟ್ಟಸ್ವಾಮಿ ನಮ್ಮ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದವರು. ಆದರೆ ಆ ಹಕ್ಕು ವ್ಯಕ್ತಿಯ ಜೊತೆಗೇ ಹೋಗುತ್ತದೆ, ಮನೆಯವರಿಗೆ ಆಸ್ತಿಯ ಹಾಗೆ ಬರುವುದಿಲ್ಲ. ಸುಶಾಂತ್ ಸಿಂಗ್ ರಜಪೂತ್ ತಂದೆ ಹಾಕಿದ್ದ ಕೇಸಿನಲ್ಲಿ ದೆಹಲಿ ಹೈಕೋರ್ಟ್ 2023ರಲ್ಲಿ ಹೇಳಿದ್ದು ಇದನ್ನೇ. ಹಾಗಾಗಿ "ತಂಗಿಯ ಖಾಸಗಿತನ" ಅಂತ ಎಸ್‌ಐ ಮುಂದೆ ವಾದ ಮಾಡುತ್ತಾ ಕೂರಬೇಡಿ. ಅದು ಸೋಲುವ ವಾದ.

ಗೆಲ್ಲುವ ವಾದ ಬದುಕಿರುವವರದು. ಆ ಫೋನಿನಲ್ಲಿ ಅವಳ ಜೊತೆ ಅವಳ ಗೆಳತಿಯರು ಇದ್ದಾರೆ, ಆಫೀಸಿನವರು ಇದ್ದಾರೆ, ನೀವಿದ್ದೀರಿ. 2015ರ ಮಾರ್ಚ್‌ನಲ್ಲಿ ಐಎಎಸ್ ಅಧಿಕಾರಿ ಡಿ.ಕೆ. ರವಿ ಕೋರಮಂಗಲದಲ್ಲಿ ತೀರಿಕೊಂಡಾಗ ಏನಾಯ್ತು, ನೆನಪಿದೆಯಾ? ಅವರ ಕರೆ, ಮೆಸೇಜುಗಳ ಸುದ್ದಿ ಟಿವಿಯಲ್ಲಿ ದಿನವಿಡೀ ಓಡಿತು. ಸಿಐಡಿಯ ಮಧ್ಯಂತರ ವರದಿಯನ್ನು ಬಹಿರಂಗ ಮಾಡದಂತೆ ಹೈಕೋರ್ಟೇ ಸರ್ಕಾರವನ್ನು ತಡೆಯಬೇಕಾಯಿತು. ಆ ತಡೆ ಕೇಳಿ ಹೋದವರು ಮೃತರ ಮನೆಯವರಲ್ಲ, ಆ ಸುದ್ದಿಯಲ್ಲಿ ಸಿಕ್ಕಿಕೊಂಡ ಬದುಕಿರುವವರ ಕಡೆಯವರು.

ಇನ್ನೊಂದು ತೀರ್ಪು ಇದೆ, ನನಗೆ ಆಗ ಗೊತ್ತಿದ್ದರೆ ಅಂತ ಈಗಲೂ ಅನಿಸುತ್ತದೆ. 2021ರ ಮಾರ್ಚ್, ಕರ್ನಾಟಕ ಹೈಕೋರ್ಟ್, ವೀರೇಂದ್ರ ಖನ್ನಾ ಪ್ರಕರಣ. ಅದು ಡ್ರಗ್ಸ್ ಕೇಸು, ಆತ್ಮಹತ್ಯೆಯದ್ದಲ್ಲ. ಆದರೆ ಫೋನು, ಲ್ಯಾಪ್‌ಟಾಪನ್ನು ಪೊಲೀಸರು ಹೇಗೆ ವಶಕ್ಕೆ ತೆಗೆದುಕೊಳ್ಳಬೇಕು, ಹೇಗೆ ಇಡಬೇಕು ಅನ್ನೋದು ಅದರಲ್ಲಿದೆ. ಮುಖ್ಯವಾದ ಮಾತು ಏನಪ್ಪಾ ಅಂದರೆ, ಫೋನಿನಲ್ಲಿ ಸಿಕ್ಕ ಖಾಸಗಿ ವಿವರವನ್ನು ತನಿಖಾಧಿಕಾರಿ ಕೋರ್ಟಿನ ಲಿಖಿತ ಅನುಮತಿ ಇಲ್ಲದೆ ಮೂರನೆಯವರಿಗೆ ಕೊಡುವಂತಿಲ್ಲ.

ಅದಕ್ಕೇ ನನ್ನ ಅಭಿಪ್ರಾಯ ನಿಮಗೆ ಹಿಡಿಸದೇ ಇರಬಹುದು: ಪಾಸ್‌ವರ್ಡ್ ಕೊಟ್ಟುಬಿಡಿ. ಬಾಯಲ್ಲಿ ಹೇಳಬೇಡಿ, ಪತ್ರದ ಜೊತೆ ಕೊಡಿ. ಸಾವಿನ ಕಾರಣ ತಿಳಿಯಲು ಬೇಕಾದಷ್ಟನ್ನೇ ನೋಡಬೇಕೆಂದು ಕೋರಿ, ಈ ತೀರ್ಪನ್ನು ಹೆಸರಿಸಿ, ಬೇರೆಯವರ ಫೋಟೋ, ಮಾತುಕತೆ ಹೊರಗೆ ಹೋಗದಂತೆ ನೋಡಿಕೊಳ್ಳಿ ಅಂತ ಬರೆಯಿರಿ. ಇನ್ಸ್‌ಪೆಕ್ಟರಿಗೆ ಒಂದು ಪ್ರತಿ, ಎಸಿಪಿಗೆ ಒಂದು. ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳದೆ ಸ್ಟೇಷನ್ ಮೆಟ್ಟಿಲು ಇಳಿಯಬೇಡಿ. ಕೊಡದೆ ಹಟ ಹಿಡಿದರೆ ಫೋನು ಎಫ್‌ಎಸ್‌ಎಲ್ ಸೇರಿ ತಿಂಗಳುಗಟ್ಟಲೆ ಅಲ್ಲೇ ಉಳಿಯುತ್ತದೆ. ಅಲ್ಲಿ ಲಾಕ್ ತೆಗೆದ ಮೇಲೆ ಬೇಕಾದ್ದು ಬೇಡದ್ದು ಎಲ್ಲ ಒಟ್ಟಿಗೇ ಹೊರಗೆ ಬರುತ್ತದೆ. ಮನೆಯ ಕಂಪ್ಯೂಟರ್‌ನಲ್ಲಿ ಅವಳ ಖಾತೆ ತೆರೆದಿದ್ದರೆ ಏನನ್ನೂ ಅಳಿಸಬೇಡಿ, ಪ್ಲೀಸ್. ಒಂದು ಫೋಟೋ ಅಳಿಸಿದರೂ ನಿಮ್ಮ ಮೇಲೇ ಅನುಮಾನ ತಿರುಗುತ್ತದೆ.

ಅದಕ್ಕಿಂತ ಮುಂಚೆ ನೀವು ಕೊಟ್ಟ ದೂರಿನ ಪ್ರತಿ ತೆಗೆದು ಓದಿ. ಹೊಟ್ಟೆನೋವೋ ತಲೆನೋವೋ, ಇಲ್ಲದ್ದು ಏನಾದರೂ ಇದ್ದರೆ ಈಗಲೇ ಹೋಗಿ ಮರು ಹೇಳಿಕೆ ಕೊಡಿ. ಗಾಬರಿಯಲ್ಲಿ ಹಾಗೆ ಬರೆದೆ ಅಂದರೆ ಅವರಿಗೂ ಅರ್ಥವಾಗುತ್ತದೆ, ದಿನಾ ನೋಡುವವರು. ಗೊತ್ತಿಲ್ಲದ ಕಾರಣ ಬರೆಯಲೇಬೇಕು ಅಂತಿಲ್ಲ. "ಕಾರಣ ನಮಗೆ ತಿಳಿದಿಲ್ಲ, ಇಂಥ ಚಿಕಿತ್ಸೆ ಪಡೆಯುತ್ತಿದ್ದಳು" ಅಂದರೆ ಸಾಕು. ತಂಗಿಗೆ ಮದುವೆಯಾಗಿತ್ತಾ ಅಂತ ನೀವು ಬರೆದಿಲ್ಲ. ಆಗಿ ಏಳು ವರ್ಷ ತುಂಬಿಲ್ಲ ಅಂದರೆ ತಹಶೀಲ್ದಾರರು ಬಂದು ವಿಚಾರಣೆ ಮಾಡಿರುತ್ತಾರೆ. ಅದರ ದಾರಿಯೇ ಬೇರೆ, ನನ್ನ ಮಾತು ಬಿಟ್ಟು ವಕೀಲರನ್ನು ನೋಡಿ.

ಗುಟ್ಟು ಪೊಲೀಸರಿಂದಲೇ ಹೊರಗೆ ಹೋಗುತ್ತೆ ಅನ್ನೋದನ್ನೂ ನಾನು ಒಪ್ಪಲ್ಲ. ನಮ್ಮ ತಮ್ಮನ ಫೋಟೋ ಊರೆಲ್ಲ ಸುತ್ತಿದ್ದು ನಮ್ಮದೇ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಿಂದ, ಓಂ ಶಾಂತಿ ಅನ್ನೋ ಸಾಲಿನ ಜೊತೆ, ಕಾರಣದ ಬಗ್ಗೆ ಒಬ್ಬೊಬ್ಬರದ್ದು ಒಂದೊಂದು ಕತೆ ಸೇರಿಸಿ. ಪತ್ರಿಕೆಯವರು ಕರೆದರೆ 2019ರ ಪ್ರೆಸ್ ಕೌನ್ಸಿಲ್ ಮಾರ್ಗಸೂಚಿ ನೆನಪಿಸಿ. ಆತ್ಮಹತ್ಯೆಯ ಸುದ್ದಿಯಲ್ಲಿ ವಿಧಾನ, ಜಾಗದ ವಿವರ, ಫೋಟೋ ಹಾಕಬೇಡಿ ಅಂತಿದೆ. ಕೆಲವರು ಕೇಳುತ್ತಾರೆ. ನೆಂಟರಿಗೆ ಯಾವ ಮಾರ್ಗಸೂಚಿಯೂ ಇಲ್ಲ.

ನಿಮ್ಮ ಪ್ರಶ್ನೆ ಬಂದ ಸಮಯ ನೋಡಿದೆ, ಬೆಳಗಿನ ಜಾವ. ನಿದ್ದೆ ಹತ್ತದ ರಾತ್ರಿ 14416ಕ್ಕೆ ಫೋನ್ ಮಾಡಿ. ಟೆಲಿ ಮನಸ್, ದುಡ್ಡಿಲ್ಲ, ಯಾವ ಹೊತ್ತಿಗಾದರೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಅಮ್ಮ ಮಾಡುತ್ತಿದ್ದರು. ನಾನೂ ಮಾಡಿದ್ದೇನೆ.

ಫೋನು ವಾಪಸ್ ಬೇಕಾದರೆ ಪಿಎಫ್ ನಂಬರ್ ಹಾಕಿ ಕೋರ್ಟಿಗೆ ಅರ್ಜಿ ಕೊಡಬೇಕು, ಈಗ ಅದು ಬಿಎನ್‌ಎಸ್‌ಎಸ್ 503. ಯಾರ ಹೆಸರಲ್ಲಿ ಅರ್ಜಿ ಹಾಕಬೇಕು, ಬಂದ ಮೇಲೆ ಅದು ಯಾರ ಹತ್ತಿರ ಇರಬೇಕು ಅನ್ನೋದನ್ನು ಮನೆಯಲ್ಲಿ ಈಗಲೇ ಮಾತಾಡಿಕೊಳ್ಳಿ. ನಮ್ಮಲ್ಲಿ ಚಿಕ್ಕಪ್ಪ ಅಲ್ಲೂ ಮುಂದೆ ಬಂದಿದ್ದರು. ಆ ಸಲ ಬೇಡ ಅಂದೆ. ಸ್ಟೇಷನ್‌ಗೆ ಕೊಡುವ ಪತ್ರದ ನಮೂನೆ ಬೇಕಿದ್ದರೆ ಹೇಳಿ, ಬರೆದು ಹಾಕುತ್ತೇನೆ.